ಹರವಿಯ ನೀರು ಮತ್ತು ಹನ್ನೊಂದು ಸೂತ್ರಗಳು

ಭೂಮಿಯನ್ನು ಉಳಿಸುವುದು ಇಷ್ಟು ಹಗುರದ ಕೆಲಸವೆಂದು ಅರವತ್ತೆರಡನೆಯ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಮಸ್ಕಿಯ ಒಂದು ಶಾಲೆಯ ಅಂಗಳದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಒಬ್ಬ ಮಹನೀಯರ ಉಪನ್ಯಾಸ ಕೇಳಿದಾಗ. ಅವರು ಲಿಂಗಸುಗೂರಿನವರು. ಯಾವುದೋ ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಭೂಮಿಯ ಚಿಂತೆ ಹತ್ತಿತ್ತು. ಜನ ಅವರನ್ನು ಪರಿಸರದ ಸರ್ ಎಂದು ಕರೆಯುತ್ತಿದ್ದರು. ಸುತ್ತಲಿನ ಯಾವ ಶಾಲೆಯಲ್ಲಿ ಸಸಿ ನೆಟ್ಟರೂ ಮೊದಲ ಚರಿಗೆ ನೀರು ಅವರದೇ. ಎರಡನೆಯ ಚರಿಗೆ ಯಾರದೆಂಬುದು ಮಾತ್ರ ಯಾವ ಸಸಿಗೂ ಕೊನೆಯವರೆಗೆ ತಿಳಿಯುತ್ತಿರಲಿಲ್ಲ.

ನಾನು ಅಲ್ಲಿಗೆ ಭೂಮಿಯ ಮೇಲಿನ ಪ್ರೀತಿಯಿಂದ ಹೋಗಿರಲಿಲ್ಲ. ಸಿಂಧನೂರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಈ ಮಹನೀಯರ ಮಗನ ಸಂಬಂಧ ಬಂದಿತ್ತು. ಮೂವತ್ತು ವರ್ಷ ಸರ್ವೆ ಕೆಲಸದಲ್ಲಿ ಹೊಲಗಳ ಗಡಿ ಅಳೆದವನು ನಾನು. ಬೀಗರಾಗುವವರನ್ನೂ ಒಮ್ಮೆ ಅಳೆದು ನೋಡೋಣವೆಂದು ಹಿಂದಿನ ಸಾಲಿನಲ್ಲಿ ಹೋಗಿ ಕೂತಿದ್ದೆ.

ದಿನನಿತ್ಯದ ಹನ್ನೊಂದು ಸರಳ ಸೂತ್ರಗಳನ್ನು ಪಾಲಿಸಿದರೆ ಭೂಮಿ ಉಳಿಯುತ್ತದೆ ಎಂದು ಅವರು ಘೋಷಿಸಿದರು. ಸೂತ್ರಗಳನ್ನು ಅಚ್ಚು ಹಾಕಿಸಿ, ಮಳೆಗೆ ಹಾಳಾಗದಂತೆ ಪ್ಲಾಸ್ಟಿಕ್ ಹೊದಿಕೆ ಹಚ್ಚಿಸಿ, ಪ್ರತಿ ಮಗುವಿಗೂ ಒಂದೊಂದು ಹಾಳೆ ಹಂಚಿದ್ದರು. ನನಗೂ ಒಂದು ಸಿಕ್ಕಿತು. ಮೊದಲನೆಯ ಸೂತ್ರ, ಹಲ್ಲುಜ್ಜುವಾಗ ನಲ್ಲಿಯನ್ನು ಬಂದ್ ಮಾಡಿರಿ. ಇದನ್ನು ಅವರು ಎರಡು ಸಲ ಹೇಳಿದರು. ಮೂರನೆಯ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು:

“ಸರ್, ನಮ್ಮ ಓಣ್ಯಾಗ ನಲ್ಲಿ ವಾರಕ್ಕೊಮ್ಮಿ ಬರ್ತೈತ್ರಿ. ಉಳಿದ ಆರು ದಿನ ಏನು ಬಂದ್ ಮಾಡಬೇಕ್ರಿ?”

“ಕುಂದ್ರವಾ,” ಎಂದರು ಹೆಡ್ ಮಾಸ್ತರರು.

ಆಕೆ ಕೂತಳು. ಮಹನೀಯರು ಎರಡನೆಯ ಸೂತ್ರಕ್ಕೆ ಹೋದರು: ಕೋಣೆಯಿಂದ ಹೊರಗೆ ಬರುವಾಗ ದೀಪ, ಫ್ಯಾನು ಆರಿಸಿರಿ. ಬೇಸಿಗೆಯಲ್ಲಿ ನಮ್ಮ ಕೈಗೆ ಆ ಶ್ರಮವನ್ನೇ ಕೊಡದೆ, ನಾವು ಕೋಣೆಯೊಳಗೆ ಇರುವಾಗಲೇ ಯಾರೋ ಪುಣ್ಯಾತ್ಮರು ದೂರದಲ್ಲಿ ಕೂತು ಎರಡನ್ನೂ ಆರಿಸಿಬಿಡುತ್ತಾರೆ ಎನ್ನುವುದು ಅವರಿಗೆ ನೆನಪಿದ್ದಂತಿರಲಿಲ್ಲ. ಹಳೆಯ ಬಟ್ಟೆಯನ್ನು ಎಸೆಯಬೇಡಿರಿ ಎಂಬ ಸೂತ್ರ ಬಂದಾಗ ನನಗೆ ನನ್ನ ತಾಯಿಯ ನೆನಪಾಯಿತು. ಆಕೆಯ ಕೈಯಲ್ಲಿ ಒಂದು ಸೀರೆ ಸಾಯಬೇಕಾದರೆ ಬಹಳ ಜನ್ಮ ಎತ್ತಬೇಕಾಗುತ್ತಿತ್ತು. ಮೊದಲು ಸೀರೆ, ಆಮೇಲೆ ತೊಟ್ಟಿಲು, ಆಮೇಲೆ ಕೌದಿ, ಕೌದಿ ಹರಿದ ಮೇಲೆ ಎಮ್ಮೆಯ ಮೈ ಒರೆಸುವ ಅರಿವೆ, ಕಡೆಗೆ ಒಲೆಯ ಮೇಲಿನ ಗಡಿಗೆ ಇಳಿಸುವ ಚಿಂದಿ. ಅಕ್ಕಿ ತೊಳೆದ ನೀರು ಎಮ್ಮೆಗೆ, ಮೈ ತೊಳೆದ ನೀರು ಕರಿಬೇವಿಗೆ. ಪಾಪ, ತಾನು ಭೂಮಿಯನ್ನು ಉಳಿಸುತ್ತಿದ್ದೇನೆಂದು ಆಕೆಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಆಕೆಯೂ ಒಂದು ಶಾಲು ಹೊದಿಸಿಕೊಂಡು, ಅದರಲ್ಲೂ ಒಂದು ಕೌದಿ ಹೊಲಿಯುತ್ತಿದ್ದಳು.

ಆರನೆಯ ಸೂತ್ರವನ್ನು ಮಹನೀಯರು ಎದ್ದು ನಿಂತು, ಧ್ವನಿ ಎತ್ತರಿಸಿ ಹೇಳಿದರು: ಬಾಟಲಿ ನೀರನ್ನು ತ್ಯಜಿಸಿರಿ. ಮಣ್ಣಿನ ಹರವಿಯ ನೀರು ಅಮೃತ. ಅತಿಥಿಗಳಿಗೆ ಅದನ್ನೇ ಕೊಡಿರಿ. ಚಪ್ಪಾಳೆ ಬಿತ್ತು. ಗಂಟಲು ಒಣಗಿದ್ದರಿಂದ ಅವರು ಮೇಜಿನ ಮೇಲಿದ್ದ ಬಾಟಲಿಯ ಮುಚ್ಚಳ ತಿರುವಿ ಎರಡು ಗುಟುಕು ಕುಡಿದರು. ಆಮೇಲೆ ಏಳನೆಯ ಸೂತ್ರ.

ಹಾಳೆಯನ್ನು ಮಡಚಲು ಬರುವಂತಿರಲಿಲ್ಲ. ಹಾಗೇ ಜೇಬಿಗೆ ಇಳಿಸಿಕೊಂಡು ಮನೆಗೆ ಬಂದೆ.

ಇನ್ನು ನನ್ನ ಸೊಸೆಯ ಮಾತು. ತಂಗಿಯ ಮಗಳು ನಮ್ಮ ಕಡೆ ಸೊಸೆಯೇ. ತಂದೆ ಇಲ್ಲದ ಹುಡುಗಿ, ಸಿಂಧನೂರಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ವಯಸ್ಸು ಮೂವತ್ತು ಸಮೀಪಿಸಿತ್ತು. ಎರಡು ಸಂಬಂಧ ಬಂದು, ಸಕ್ಕರೆಯ ತನಕ ಹೋಗಿ, ನಿಂತುಹೋಗಿದ್ದವು. ಸಕ್ಕರೆ ಎಂದರೆ, ಎರಡೂ ಕಡೆಯ ಹಿರಿಯರು ಕೂತು, ಮಾತು ಮುಗಿಸಿ, ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕುವ ಶಾಸ್ತ್ರ. ಸಕ್ಕರೆ ಬಾಯಿಗೆ ಬೀಳುವವರೆಗೆ ಮಾತು ಮಾತಲ್ಲ, ಬಿದ್ದ ಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಮೊದಲನೆಯವರು ಹುಡುಗಿ ಎತ್ತರ ಎಂದು ಎದ್ದು ಹೋದರು. ಎರಡನೆಯವರು ಹುಡುಗಿಯ ಪಗಾರ ಹುಡುಗನದಕ್ಕಿಂತ ಎತ್ತರ ಎಂದು ಎದ್ದು ಹೋದರು. ಮೂರನೆಯದು ಈ ಪರಿಸರದ ಸರ್ ಅವರ ಮಗ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸ, ಕಡಿಮೆ ಮಾತು, ಹುಡುಗಿಗಿಂತ ಒಂದು ಬೆರಳು ಎತ್ತರ. ಆಕೆಗೆ ಹುಡುಗ ಪಸಂದ್ ಇದ್ದ. ಅದನ್ನು ಆಕೆ ಬಾಯಿ ಬಿಟ್ಟು ಹೇಳಲಿಲ್ಲ. ಸಕ್ಕರೆಯ ದಿನ ಗೊತ್ತಾದ ಮೇಲೆ ನನಗೆ ಫೋನ್ ಮಾಡಿ ಇಷ್ಟೇ ಅಂದಳು:

“ಮಾಮಾ, ಈ ಸರ್ತಿ ಯಾರೂ ಏನೂ ಹದಗೆಡಿಸಬಾರದು ನೋಡ್ರಿ.”

“ಯಾರು ಹದಗೆಡಸ್ತಾರವಾ? ನಾ ಇಲ್ಲೇನು?”

“ಅದಕ್ಕ ನಿಮಗ ಫೋನ್ ಮಾಡೀನಿ,” ಅಂದಳು.

ಸೋದರಮಾವನೆಂದ ಮೇಲೆ ಬಂದವರ ಉಪಚಾರ ನನ್ನ ಹಕ್ಕು. ತಂಗಿ ಅದನ್ನು ನನಗೇ ಬಿಟ್ಟಳು. ನಾನು ಹಾಳೆಯನ್ನು ಮುಂದಿಟ್ಟುಕೊಂಡು ಹನ್ನೊಂದು ಸೂತ್ರಗಳ ಪ್ರಕಾರ ಬಂದೋಬಸ್ತು ಮಾಡತೊಡಗಿದೆ. ಬೀಗರಿಗೆ ಸಂತೋಷವಾಗಲಿ ಎಂದೇ ಮಾಡುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿದೆ. ನನಗೂ ಹಾಗೆಯೇ ಹೇಳಿಕೊಂಡೆ. ಹಾಲ್ ಬೇಡ, ತಂಗಿಯ ಮನೆಯ ಪಡಸಾಲೆಯೇ ಸಾಕು, ಅಂಗಳದ ಬೇವಿನ ನೆರಳಿದೆ. ಥರ್ಮಾಕೋಲ್ ತಟ್ಟೆ ಬೇಡ, ಮುತ್ತುಗದ ಪತ್ರಾವಳಿ. ಬಾಟಲಿ ಬೇಡ, ಹರವಿ.

ಮಸ್ಕಿಯ ಕುಂಬಾರರ ಮನೆಯಲ್ಲಿ ಬಡಿದು ನಾದ ನೋಡಿ ಮೂರು ಹರವಿ ಆರಿಸಿದೆ. ಎರಡು ದಿನ ನೀರು ತುಂಬಿಟ್ಟು ಮಣ್ಣಿನ ವಾಸನೆ ಕಳೆದು, ಬಸ್ಸಿನಲ್ಲಿ ಸಿಂಧನೂರಿಗೆ ಒಯ್ದೆ. ಎರಡು ಸೀಟಿನ ಮೇಲೆ, ಒಂದು ನನ್ನ ತೊಡೆಯ ಮೇಲೆ. ಕಂಡಕ್ಟರ್ ಬಂದು ನಿಂತ.

“ಅಜ್ಜಾರ, ಇವಕ್ಕೂ ಟಿಕೆಟ್ ಆಕ್ಕಾವ್ರಿ.”

“ಮಣ್ಣಿನ ಹರವಿಗಿ ಎಂಥಾ ಟಿಕೆಟೋ?”

“ಸೀಟಿನ ಮ್ಯಾಲೆ ಕುಂತಾವಲ್ರೀ. ಹೆಣಮಕ್ಕಳಾಗಿದ್ರ ಆಧಾರ್ ಕಾರ್ಡ್ ತೋರ್ಸ್ರಿ, ಫ್ರೀ ಬಿಡ್ತೀನಿ.”

ಇಡೀ ಬಸ್ಸು ನಕ್ಕಿತು. ಭೂಮಿಯನ್ನು ಉಳಿಸಲು ಹೊರಟವರು ಇಂಥದನ್ನೆಲ್ಲ ಸಹಿಸಬೇಕಾಗುತ್ತದೆ ಎಂದು ಗಂಭೀರವಾಗಿ ಕೂತೆ. ಹರವಿಗಳೂ ಗಂಭೀರವಾಗಿ ಕೂತವು.

ಸಕ್ಕರೆಯ ದಿನ ಬೆಳಗ್ಗೆ ಹರವಿಗಳನ್ನು ಪಡಸಾಲೆಯ ಮೂಲೆಯಲ್ಲಿ ಹಸಿ ಉಸುಕಿನ ಮೇಲೆ ಕೂಡಿಸಿ, ಕಾಯಿಸಿ ಆರಿಸಿದ ನೀರು ಸೋಸಿ ತುಂಬಿ, ತೋಯಿಸಿದ ಅರಿವೆ ಸುತ್ತಿದೆವು. ಪಕ್ಕದಲ್ಲಿ ತಂಗಿಯ ಸ್ಟೀಲ್ ಗ್ಲಾಸುಗಳು, ಬೂದಿ ಹಾಕಿ ತಿಕ್ಕಿ ಥಳಥಳ ಹೊಳೆಯುತ್ತಿದ್ದವು. ಹನ್ನೊಂದು ಗಂಟೆಗೆ ಬೀಗರು ಬಂದರು. ಎಂಟನೆಯ ಸೂತ್ರ, ಒಂದೇ ಕಡೆಗೆ ಹೋಗುವವರು ಒಂದೇ ವಾಹನದಲ್ಲಿ ಹೋಗಿರಿ ಎಂದಿತ್ತು. ಇಪ್ಪತ್ತೆರಡು ಜನ ಆರು ಕಾರುಗಳಲ್ಲಿ ಇಳಿದರು. ಒಂದು ಕಾರಿನಲ್ಲಿ ಡ್ರೈವರನ ಹೊರತು ಒಂದು ಹೂವಿನ ಬುಟ್ಟಿ ಮಾತ್ರ ಇತ್ತು.

ಕಾಲಿಗೆ ನೀರು ಕೊಟ್ಟೆವು, ಶರಣು ಮಾಡಿದೆವು, ಜಮಖಾನೆಯ ಮೇಲೆ ಕೂಡಿಸಿದೆವು. ನಡುವೆ ತಾಟಿನಲ್ಲಿ ಸಕ್ಕರೆ, ಎಲೆ, ಅಡಿಕೆ. ಹುಡುಗನ ಸೋದರಮಾವ ಎಲ್ಲರಿಗಿಂತ ಮುಂದೆ ಕೂತಿದ್ದ. ಬಿಳಿ ಅಂಗಿ, ಮುರಿಯದ ಇಸ್ತ್ರಿ, ನಾಲ್ಕು ಬೆರಳಿಗೆ ನಾಲ್ಕು ಉಂಗುರ. ಆ ಕಡೆಯ ಹುದ್ದೆ ಅವನದು, ಈ ಕಡೆಯದು ನನ್ನದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

“ನೀರು ತರಸ್ರಿ,” ಅಂದ.

ನಾನೇ ಹರವಿಯಿಂದ ಬಗ್ಗಿಸಿ ಗ್ಲಾಸು ಮುಂದೆ ಹಿಡಿದೆ. ಸಹಿ ಇಲ್ಲದ ದಸ್ತಾವೇಜನ್ನು ನೋಡುವಂತೆ ಅದನ್ನು ನೋಡಿದ.

“ಬಾಟ್ಲಿ ಇಲ್ಲೇನ್ರೀ?”

“ಇಲ್ರೀ. ಹರವಿ ನೀರು. ಕಾಸಿ ಸೋಸಿ ತುಂಬೀವಿ. ತಂಪ ಅದಾವ, ಕುಡೀರಿ.”

“ತಂಪ ಇರ್ಲಿ. ಸೀಲ್ ಎಲ್ಲೈತಿ?”

ಹರವಿಗೆ ಸೀಲ್ ಇರುವುದಿಲ್ಲ ಎಂದು ತಿಳಿಸಿದೆ. ಅವನು ಗ್ಲಾಸನ್ನು ತುಟಿಗೆ ಹಚ್ಚಲು ಮನಸ್ಸು ಬಾರದೆ ಎತ್ತಿ ಕುಡಿಯಲು ಹೋದ. ಎತ್ತಿ ಕುಡಿಯುವುದು ನಮ್ಮ ಕಡೆ ನಾಲ್ಕು ವರ್ಷದ ಕೂಸಿಗೂ ಬರುವ ವಿದ್ಯೆ. ಬಾಟಲಿಯ ಸಹವಾಸದಲ್ಲಿ ಅವನಿಗೆ ಮರೆತುಹೋಗಿತ್ತು. ನೀರು ಮೂಗಿಗೆ ಹೋಗಿ, ಕೆಮ್ಮು ಬಂದು, ಉಳಿದದ್ದು ಅಂಗಿಯ ಇಸ್ತ್ರಿಯ ಮೇಲೆ ಬಿತ್ತು. ನಮ್ಮ ಕಡೆಯ ಹೆಂಗಸರಲ್ಲಿ ಯಾರೋ ಸೆರಗು ಬಾಯಿಗೆ ಹಿಡಿದರು.

“ಏನ್ರೀ ಇದು?” ಎಂದು ಅವನು ಗ್ಲಾಸು ಕುಕ್ಕಿದ. “ನಿಮ್ಮೋರು ನಮ್ಮ ಮನಿಗಿ ಬಂದಾಗ ಡ್ರೈವರಗಸೈತ ಬಾಟ್ಲಿ ಕೊಟ್ಟೀವಿ. ನಮಗ ಇಲ್ಲಿ ಗಡಿಗಿ ನೀರು. ಬೀಗರಂದ್ರ ಇಷ್ಟನಾ ಇಜ್ಜತ್ತು?”

ಇಲ್ಲಿ ನಾನು ಸುಮ್ಮನಿರಬೇಕಿತ್ತು. ತಪ್ಪಾಯಿತು, ಈಗಲೇ ತರಿಸುತ್ತೇನೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಜೇಬಿನಿಂದ ಹಾಳೆ ತೆಗೆದೆ. ಕನ್ನಡಕ ಏರಿಸಿಕೊಂಡೆ. ಬೀಗರ ಕಡೆ ತಿರುಗಿ, ಪಂಚಾಯಿತಿಯ ಮುಂದೆ ಗಡಿಯ ಅಳತೆ ಓದಿ ಹೇಳುತ್ತಿದ್ದ ಧಾಟಿಯಲ್ಲಿ ಓದಿದೆ:

“ಸೂತ್ರ ಆರು. ಬಾಟಲಿ ನೀರನ್ನು ತ್ಯಜಿಸಿರಿ. ಮಣ್ಣಿನ ಹರವಿಯ ನೀರು ಅಮೃತ. ಅತಿಥಿಗಳಿಗೆ ಅದನ್ನೇ ಕೊಡಿರಿ. ಬೀಗರ, ಇದು ನಿಮ್ಮ ಅಪ್ಪಣೀನ ಅಲ್ರೀ?”

ಎಲ್ಲರ ಮುಖಗಳೂ ಪರಿಸರದ ಸರ್ ಕಡೆಗೆ ತಿರುಗಿದವು. ಅವರು ಜಮಖಾನೆಯ ಅಂಚಿನ ದಾರ ಎಳೆಯುತ್ತಿದ್ದರು.

“ಅದು...” ಅಂದರು, “ಅದು ಸಾಲಿ ಹುಡುಗರಿಗಿ ಹೇಳೋದ್ರಿ.”

ಹುಡುಗನ ಸೋದರಮಾವ ತೊಯ್ದ ಅಂಗಿಯೊಡನೆ ಎದ್ದ. “ನೋಡಿದ್ರೇನು? ನಮ್ಮ ಭಾವನ್ನ ನಾಕು ಮಂದ್ಯಾಗ ಚಾಷ್ಟಿ ಮಾಡಾಕತ್ತಾರ ಇವ್ರು. ಸಕ್ರಿ ಆಮ್ಯಾಲ. ಏಳ್ರಿ ಎಲ್ಲಾರು, ಹೊರಗ ಕುಂತು ಮಾತಾಡೋಣು.” ಗಂಡಸರೆಲ್ಲ ಎದ್ದು ಅಂಗಳಕ್ಕೆ ಹೋದರು. ಹುಡುಗ ಒಂದು ಸಲ ಒಳಬಾಗಿಲ ಕಡೆ ನೋಡಿ, ತಂದೆಯ ಹಿಂದೆ ಹೋದ.

ಮೊದಲಿನ ಎರಡು ಸಂಬಂಧಗಳೂ ಹೀಗೆಯೇ, ‘ಹೊರಗ ಕುಂತು ಮಾತಾಡೋಣು’ ಎಂದು ಎದ್ದು, ಹಾಗೇ ಕಾರು ಹತ್ತಿದ್ದವು. ಅದು ಎಲ್ಲರಿಗೂ ನೆನಪಿತ್ತು. ತಂಗಿ ನನ್ನ ಮುಂದೆ ಬಂದು ನಿಂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಣ್ಣಾ, ನಿನ್ನ ಕಾಲು ಬೀಳ್ತೀನಿ. ಹೋಗಿ ಬಾಟ್ಲಿ ತೊಗೊಂಬಾ. ಮೂರು ಹರವಿ ಸಲುವಾಗಿ ನನ್ನ ಮಗಳು ಮೂರನೇ ಸಲ ಮನ್ಯಾಗ ಕುಂದರಬೇಕೇನು?”

ತಂಗಿಯ ಮಗನ ಸ್ಕೂಟರ್ ಹತ್ತಿ ಹೊರಟೆ. ಬೇವಿನ ಕೆಳಗೆ ನಿಂತ ಬೀಗರು ನಾನು ಹೋಗುವುದನ್ನು ನೋಡಿದರು. ಬಾಟಲಿಯ ಅಂಗಡಿ ದೂರವೇನಿರಲಿಲ್ಲ. ಈಗ ಕುಡಿಯುವ ನೀರಿನ ಹೊಂಡಕ್ಕಿಂತ ಬಾಟಲಿಯ ಅಂಗಡಿಯೇ ಎಲ್ಲರಿಗೂ ಹತ್ತಿರ.

“ಎಷ್ಟು ಬಾಕ್ಸ್ ಕೊಡ್ಲಿ ಯಜಮಾನ್ರ?”

“ಮೂರು.”

“ತಂಪು ಬೇಕೋ, ಸಾದಾ ಬೇಕೋ?”

“ಸೀಲ್ ಇರೂವು ಬೇಕು,” ಅಂದೆ.

ಅಂಗಡಿಯವನಿಗೆ ನನ್ನ ಮೋರೆ ನೋಡಿ ಏನನ್ನಿಸಿತೋ, ಎರಡು ಬಾಕ್ಸು ಹಿಂದಿನ ಸೀಟಿಗೆ ಬಿಗಿದು, ಒಂದನ್ನು ಕಾಲಿನ ಬಳಿ ಇಟ್ಟು, “ಸಾವಕಾಶ ಹೋಗ್ರಿ,” ಅಂದ. ಸಾವಕಾಶವೇ ಹೋದೆ. ಭತ್ತ ತುಂಬಿದ ಟ್ರ್ಯಾಕ್ಟರುಗಳ ನಡುವೆ, ಬಿಸಿಲಿನಲ್ಲಿ, ಕಾಲು ಎರಡೂ ಕಡೆ ಚಾಚಿಕೊಂಡು, ಆರನೆಯ ಸೂತ್ರದ ಮೆರವಣಿಗೆ ಸಾಗಿತು. ದಾರಿಯುದ್ದಕ್ಕೂ ಒಂದೇ ಲೆಕ್ಕ: ಆರು ಕಾರುಗಳು ಇನ್ನೂ ಮನೆಯ ಮುಂದೆ ಇರುತ್ತವೆಯೋ, ಇಲ್ಲವೋ.

ಆರೂ ಇದ್ದವು. ಅಂಗಳ ಮಾತ್ರ ಖಾಲಿ. ಬಾಕ್ಸು ಹೊತ್ತುಕೊಂಡು ಒಳಗೆ ಹೋದರೆ, ಎಲ್ಲರೂ ಜಮಖಾನೆಯ ಮೇಲೆ ಕೂತಿದ್ದಾರೆ, ಎಲ್ಲರ ಬಾಯಲ್ಲೂ ಸಕ್ಕರೆ. ಹುಡುಗನ ಸೋದರಮಾವನೇ ನನ್ನ ತಂಗಿಯ ಮೈದುನನ ಬಾಯಿಗೆ ಚಿಟಿಕೆ ಸಕ್ಕರೆ ಹಾಕುತ್ತಿದ್ದಾನೆ.

ಆದದ್ದು ಇಷ್ಟು, ಇದನ್ನು ತಂಗಿ ಆಮೇಲೆ ಹೇಳಿದಳು. ಗಂಡಸರು ತಮ್ಮ ಇಜ್ಜತ್ತು ಎತ್ತಿಕೊಂಡು ಹೊರಗೆ ಹೋದಾಗ, ಹುಡುಗನ ಅಜ್ಜಿಯನ್ನು, ಎಂದರೆ ಆ ಸೋದರಮಾವನ ತಾಯಿಯನ್ನು, ಒಳಗೇ ಮರೆತು ಹೋಗಿದ್ದರು. ಎಂಬತ್ತು ದಾಟಿದ ಮುದುಕಿ. ಬೆಳಗಿನಿಂದ ಕಾರಿನಲ್ಲಿ ಆಕೆಯ ಕೈಗೊಂದು ಬಾಟಲಿ ಕೊಟ್ಟಿದ್ದರಂತೆ. ಸೊಟ್ಟ ಬೆರಳುಗಳಿಗೆ ಅದರ ಮುಚ್ಚಳ ತಿರುವಲು ಆಗದೆ, ಯಾರಿಗೂ ಹೇಳದೆ, ಬಾಯಾರಿಸಿಕೊಂಡೇ ಲಿಂಗಸುಗೂರಿನಿಂದ ಬಂದಿದ್ದಳು. ನನ್ನ ಸೊಸೆ ಹರವಿಯಿಂದ ಒಂದು ಚರಿಗೆ ನೀರು ತುಂಬಿ ತಂದು ಆಕೆಯ ಬಾಯಿಗೆ ಹಿಡಿದಳು. ಮುದುಕಿ ಒಂದು ಚರಿಗೆ ಮುಗಿಸಿ, ಇನ್ನೊಂದು ಕೇಳಿ, ಅದರಲ್ಲೂ ಅರ್ಧ ಮುಗಿಸಿ, ಆಮೇಲೆ ಕೇಳಿದಳು:

“ಎಲ್ಲಾರು ಎಲ್ಲಿ ಹ್ವಾದ್ರು?”

“ಬಾಟ್ಲಿ ಸಲುವಾಗಿ ತಕ್ರಾರ ನಡದೈತ್ರಿ ಅಮ್ಮ,” ಅಂದಳು ಸೊಸೆ.

ಮುದುಕಿ ಗೋಡೆ ಹಿಡಿದು ಹೊಸ್ತಿಲಿಗೆ ಬಂದು ನಿಂತು, ಬೇವಿನ ಕೆಳಗಿದ್ದ ಮಗನಿಗೆ ಕೇಳುವಂತೆ ಕೂಗಿದಳು: “ಲೇ! ಹಳ್ಳದ ಉಸಿಕಿನ್ಯಾಗ ವರ್ತಿ ತೋಡಿ, ಸೆರಗಿಲೆ ಸೋಸಿ ನೀರು ಕುಡಿಸೀನಿ ನಿನಗ. ಆವಾಗ ಯಾವ ಸೀಲ್ ನೋಡಿ ಕುಡದೀಯೋ? ಬಾ ಒಳಗ. ಸಕ್ರಿಗಿ ಇರಬಿ ಮುಕರಾಕತ್ಯಾವ.”

ನಾಲ್ಕು ಉಂಗುರದವನು ತಲೆ ತಗ್ಗಿಸಿಕೊಂಡು ಮೊದಲು ಬಂದನಂತೆ. ಉಳಿದವರು ಹಿಂದೆ. ಇರುವೆಗಳನ್ನು ಊದಿ, ಸಕ್ಕರೆ ಹಂಚಿದರು. ಐದು ನಿಮಿಷದ ಕೆಲಸ.

ಹೀಗೆ ನನ್ನ ಹರವಿಗಳು ಗೆದ್ದಾಗ ನಾನು ಊರ ನಡುವೆ ಬಾಟಲಿ ಹೊತ್ತು ಬರುತ್ತಿದ್ದೆ. ಬಂದ ಬಾಟಲಿಗಳನ್ನು ಏನು ಮಾಡುವುದು? “ಹಾಂ, ಬಂದ್ವು ನೋಡ್ರಿ!” ಎಂದು ಸೋದರಮಾವ ತಾನೇ ಬಾಕ್ಸು ಹರಿದ. ಬಾಯಾರಿದವರು, ಬಾಯಾರದವರು, ಈಗಷ್ಟೇ ಹರವಿಯ ನೀರು ಕುಡಿದು ಆಹಾ ಎಂದವರು, ನಮ್ಮ ಕಡೆಯವರು ಸಹಿತ ಒಂದೊಂದು ಹಿಡಿದರು. ಎಲ್ಲರೂ ಎರಡೆರಡು ಗುಟುಕು ಕುಡಿದು ಪಕ್ಕಕ್ಕಿಟ್ಟರು. ಊಟ ಮುಗಿದ ಮೇಲೆ ಯಾವುದು ಯಾರದೆಂದು ತಿಳಿಯದೆ, ಎಂಜಲಾದೀತೆಂದು ಎಲ್ಲರೂ ಹೊಸದೊಂದು ತೆರೆದರು. ಪರಿಸರದ ಸರ್ ಹೋಗುವಾಗ ನನ್ನ ಕೈ ಹಿಡಿದು, ಮನಃಪೂರ್ವಕವಾಗಿ, “ಪತ್ರಾವಳಿ ಊಟ ಬಾಳ ಛಲೋ ಆತ್ರಿ ಬೀಗರ,” ಅಂದರು. ಇನ್ನೊಂದು ಕೈಯಲ್ಲಿ ಎರಡು ಬಾಟಲಿ. “ದಾರ್ಯಾಗ ಬೇಕಾಕ್ಕಾವ,” ಅಂದರು.

ಆರು ಕಾರುಗಳು ಹೋದ ಮೇಲೆ ಸೊಸೆ ಪಡಸಾಲೆಯಲ್ಲಿ ಬಿದ್ದಿದ್ದ ಬಾಟಲಿಗಳನ್ನು ಕೂಡಿಸಿ, ಉಳಿದ ನೀರನ್ನು ಬೇವಿನ ಬುಡಕ್ಕೆ ಸುರಿಯುತ್ತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತು ಮುಚ್ಚಳ ತೆಗೆದುಕೊಡತೊಡಗಿದೆ. ಮಾತನ್ನು ನಾನೇ ತೆಗೆದೆ:

“ನೋಡಿದೇನವಾ? ಕಡಿಗಿ ಹರವೀನ ಗೆದ್ವು.”

ಆಕೆ ಬಾಟಲಿ ಬೋರಲು ಹಿಡಿದೇ ಕೇಳಿದಳು: “ಮಾಮಾ, ನಿಮ್ಮ ಕಿಸೇದಾಗ ಆ ಹಾಳಿ ಯಾಕ ಇತ್ತು?”

“ಯಾವ ಹಾಳಿ?”

“ಸೂತ್ರದ್ದು. ನೀರು ಕುಡಸಾಕ ಹಾಳಿ ಯಾಕ ಬೇಕಿತ್ತು? ಹೊಸ ಅಂಗಿ ಹಾಕ್ಕೊಂಡ್ರೂ ಮರೀದ ಅದನ್ನ ಕಿಸೇದಾಗ ಇಟ್ಕೊಂಡು ಬಂದೀರಲ್ಲ?”

ಗಣಿತದವಳು. ನಾನು ಬೇವಿನ ಬುಡ ನೋಡಿದೆ.

“ಅವ್ರ ಬಾಯಿ ಮುಚ್ಚಸಬೇಕಂತ ಮನಿಯಿಂದನ ಗಟ್ಟಿ ಮಾಡ್ಕೊಂಡು ಬಂದಿದ್ರಿ. ಹರವಿ ಒಂದು ನೆವ. ನಾ ಬಾಗಿಲ ಹಿಂದ ನಿಂತು ನೋಡಾಕತ್ತಿದ್ದೆ ಮಾಮಾ. ನೀವು ಕನ್ನಡಕ ಏರಸ್ದಾಗನ ನನಗ ತಿಳೀತು, ಈ ಸಕ್ರೀನೂ ಹೋತು ಅಂತ.” ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿದಳು. “ಅವ್ರು ಹೇಳಿ ಮಾಡಂಗಿಲ್ಲ. ನೀವು ಮಾಡಿ ಚುಚ್ತೀರಿ. ನಡುವ ಮುದುಕಿ ಬಾಯಾರಿಸ್ಕೊಂಡು ಕುಂತಿತ್ತು, ಇಬ್ರೂ ನೋಡ್ಲಿಲ್ಲ.”

ಮೂವತ್ತು ವರ್ಷ ಊರವರ ಗಡಿಗಳನ್ನು ಗೇಣಿನ ತಪ್ಪಿಲ್ಲದೆ ಹಾಕಿಕೊಟ್ಟವನಿಗೆ, ಆ ಮಧ್ಯಾಹ್ನ ಬೀಗರ ಹೊಲ ಎಲ್ಲಿ ಮುಗಿದು ನನ್ನ ಹೊಲ ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ. “ತಪ್ಪಾತವಾ,” ಅಂದೆ. ಆಕೆ, “ಮುಚ್ಚಳ ತೆಗೀರಿ,” ಎಂದು ಇನ್ನೊಂದು ಬಾಟಲಿ ಕೊಟ್ಟಳು.

ಮುಂದಿನ ತಿಂಗಳು ಮದುವೆ. ನೀರಿನ ಉಸ್ತುವಾರಿ ತನ್ನದೆಂದು ಸೊಸೆ ಮೊದಲೇ ಹೇಳಿಬಿಟ್ಟಿದ್ದಾಳೆ. ಹುಡುಗನೊಡನೆ ಫೋನಿನಲ್ಲಿ ಮಾತಾಡಿಕೊಂಡು ಇಂತಜಾಮೂ ಮಾಡಿದ್ದಾಳೆ: ಮದುವೆಯ ಹಾಲ್‌ನ ಬಾಗಿಲಲ್ಲಿ ಹತ್ತು ಹರವಿ, ತುಂಬಿ ಕೊಡಲು ಇಬ್ಬರು ಹೆಂಗಸರು, ಸೀಲ್ ಬೇಕೆನ್ನುವವರಿಗೆ ಒಳಗೆ ಎರಡು ಬಾಕ್ಸು. ಯಾವ ಸೂತ್ರದ ಹೆಸರೂ ಎತ್ತುವಂತಿಲ್ಲ, ಭಾಷಣವಿಲ್ಲ, ಬೋರ್ಡಿಲ್ಲ. ನನಗೂ ಒಂದು ಕೆಲಸ ಕೊಡಬೇಕಲ್ಲ, ಸೋದರಮಾವ ಬೇರೆ. ಮಂಟಪದ ಹೂವಿನ ಅಲಂಕಾರ ನೋಡಿಕೊಳ್ಳಲು ಹೇಳಿದ್ದಾರೆ. ಮೊನ್ನೆ ಆ ಹಾಲ್‌ಗೆ ಹೋಗಿ ಹೂವು ನೋಡಿ ಬಂದೆ. ಎಲ್ಲವೂ ಪ್ಲಾಸ್ಟಿಕ್ಕಿನವು, ಹೋದ ಮದುವೆಯ ಧೂಳು ಇನ್ನೂ ಹಾಗೇ ಇದೆ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು, ಒಂದು ಹಸಿ ಅರಿವೆ ಕೇಳಿ ತೆಗೆದುಕೊಂಡು, ಒರೆಸಲು ಕೂತೆ.